ಇಟ್ಟ ಕಾರು, ಕೆಟ್ಟ ಕಾರು

ನಮ್ಮ ನಾಡಿನ ಯಾವ ತಾಲ್ಲೂಕಿಗೆ ಹೋದರೂ ಅಂಥದ್ದೊಂದು ಶೆಡ್ಡು ಸಿಗುತ್ತದೆ. ಮುಂದುಗಡೆ ಅಡಿಕೆ ಚೀಲ, ಕಾಲು ಮುರಿದ ಮಂಚ, ಸುಟ್ಟುಹೋದ ಪಂಪ್‌ಸೆಟ್ಟು. ಅವುಗಳ ಹಿಂದೆ ಟಾರ್ಪಾಲು ಹೊದ್ದು ಕೂತ ಒಂದು ಕಾರು. ಪ್ರೀಮಿಯರ್ ಪದ್ಮಿನಿಯೋ, ಅಂಬಾಸಿಡರೋ, ಸ್ಟ್ಯಾಂಡರ್ಡ್ ಹೆರಾಲ್ಡೋ, ಮೊದಮೊದಲ ಮಾರುತಿಯೋ. ಯಾರದ್ದು ಅಂತ ಕೇಳಿದರೆ ಮನೆಯವರ ದನಿ ಮೆತ್ತಗಾಗುತ್ತದೆ. “ನಮ್ಮ ತಂದೆಯವರದ್ದು. ಮಾರೋಕೆ ಮನಸ್ಸಾಗಲಿಲ್ಲ. ಹಾಗೇ ಇಟ್ಟಿದ್ದೇವೆ” ಅನ್ನುತ್ತಾರೆ. ಕೇಳಿದವರು ತಲೆದೂಗುತ್ತಾರೆ. ಎಂಥ ಪಿತೃಭಕ್ತಿ!

ನನ್ನ ತಕರಾರಿರುವುದು ಈ ‘ಇಟ್ಟಿದ್ದೇವೆ’ ಎಂಬ ಮಾತಿನ ಮೇಲೆ. ಕನ್ನಡದಲ್ಲಿ ಇಡುವುದು ಬೇರೆ, ಉಳಿಸುವುದು ಬೇರೆ. ಬೀಜವನ್ನು ಉಳಿಸಬೇಕಾದರೆ ಬಿತ್ತಬೇಕು. ಹಾಡನ್ನು ಉಳಿಸಬೇಕಾದರೆ ಹಾಡಬೇಕು. ಕಾರನ್ನು ಉಳಿಸಬೇಕಾದರೆ ಓಡಿಸಬೇಕು. ಟಾರ್ಪಾಲಿನಡಿ ಇಟ್ಟದ್ದು ಉಳಿಯುವುದಿಲ್ಲ, ಕಣ್ಣಿಗೆ ಕಾಣದಂತೆ ಕೊಳೆಯುತ್ತದೆ. ಕಂದಾಯ ಕಚೇರಿಯ ಭಾಷೆಯಲ್ಲಿ ಕಾರು ಚರಾಸ್ತಿ. ನಾವು ಅದನ್ನು ಸ್ಥಿರಾಸ್ತಿ ಮಾಡಿ, ಹಾಗೆ ಮಾಡಿದ್ದಕ್ಕೆ ಪ್ರೀತಿ ಅಂತ ಹೆಸರಿಟ್ಟಿದ್ದೇವೆ. ಅದು ಪ್ರೀತಿಯಲ್ಲ, ಮೈಗಳ್ಳತನ ಎಂಬುದು ನನ್ನ ವಾದ. ದೀರ್ಘಕಾಲ ನಿಂತ ಹಳೆಯ ಕಾರಿಗೆ ಸಲ್ಲಬೇಕಾದ ಗೌರವ ಒಂದೇ: ಅದನ್ನು ಮತ್ತೆ ರಸ್ತೆಗೆ ತರುವುದು. ಅದಾಗದಿದ್ದರೆ ತರಬಲ್ಲವರ ಕೈಗೆ ಕೊಡುವುದು.

ನಿಂತ ಕಾರಿಗೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ‘ಓಡಿಸದಿದ್ದರೆ ಸವೆಯುವುದಿಲ್ಲವಲ್ಲ’ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಯಂತ್ರದ ವಿಷಯದಲ್ಲಿ ಇದು ತಲೆಕೆಳಗಾದ ಮಾತು. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಕೆಲವೇ ತಿಂಗಳಲ್ಲಿ ಸತ್ವ ಕಳೆದುಕೊಂಡು, ವರ್ಷಗಳಾದ ಮೇಲೆ ಅಂಟಂಟಾದ ಗೋಂದಾಗಿ ಕಾರ್ಬ್ಯುರೇಟರಿನ ಕೂದಲೆಳೆಯಂಥ ತೂತುಗಳನ್ನು ಮುಚ್ಚುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಹೀರಿದ ನೀರು ಚಕ್ರದ ಸಿಲಿಂಡರುಗಳಲ್ಲಿ ತುಕ್ಕಾಗಿ ಪಿಸ್ಟನ್ನುಗಳನ್ನು ಕಚ್ಚಿಸಿಬಿಡುತ್ತದೆ. ಎಂಜಿನ್ನಿನ ಒಳಗೋಡೆಯ ಮೇಲಿನ ಎಣ್ಣೆಪೊರೆ ಇಳಿದುಹೋಗಿ ರಿಂಗುಗಳು ಸಿಲಿಂಡರಿಗೆ ಅಂಟುತ್ತವೆ. ಕ್ಲಚ್ ಪ್ಲೇಟು ಫ್ಲೈವೀಲಿಗೆ ತುಕ್ಕಿನ ಬೆಸುಗೆ ಹಾಕಿಕೊಳ್ಳುತ್ತದೆ. ಟೈರು ಒಂದೇ ಮಗ್ಗುಲಿನ ಮೇಲೆ ಭಾರ ಹೊತ್ತು ಚಪ್ಪಟೆಯಾಗಿ ಬಿರಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದೆಲ್ಲ ಇಮ್ಮಡಿ ವೇಗದಲ್ಲಿ ನಡೆಯುತ್ತದೆ. ಸೈಲೆನ್ಸರಿನೊಳಗೆ ಕಡಜ ಗೂಡು ಕಟ್ಟುತ್ತದೆ, ವೈರಿಂಗನ್ನು ಇಲಿ ತಿನ್ನುತ್ತದೆ, ಸೀಟಿನ ಹೊಟ್ಟೆಯಲ್ಲಿ ಹೆಗ್ಗಣ ಮರಿ ಹಾಕುತ್ತದೆ. ಮನೆಯವರು ಮಾತ್ರ ‘ತಂದೆಯವರ ಕಾರು ಹಾಗೇ ಇದೆ’ ಎಂದುಕೊಂಡಿರುತ್ತಾರೆ.

ಇದರ ಎದುರಿಗೆ ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳನ್ನು ಇಟ್ಟು ನೋಡಿ. ದಶಕಗಳ ಕಾಲ ಆ ಊರಿನ ಟ್ಯಾಕ್ಸಿ ಅಂದರೆ ಪದ್ಮಿನಿ. ಸಮುದ್ರದ ಉಪ್ಪು ಗಾಳಿ, ಮಳೆನೀರು ನಿಂತ ರಸ್ತೆ, ಪಾಳಿಯ ಮೇಲೆ ಪಾಳಿ ದುಡಿತ. ಆ ಗಾಡಿಗಳು ದುಡಿದೂ ದುಡಿದೂ ಉಳಿದವು. ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಎರಡು ದಶಕ ಅವು ಓಡಿದವು. ಕೊನೆಗೆ ಅವನ್ನು ನಿಲ್ಲಿಸಿದ್ದು ಮುರಿದುಹೋದ ಯಂತ್ರವಲ್ಲ, 20 ವರ್ಷದ ವಯೋಮಿತಿಯ ನಿಯಮ. 2023ರ ಅಕ್ಟೋಬರ್ 30ರಿಂದ ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿ ಇಲ್ಲ. ಅದೇ ಕಾಲದಲ್ಲಿ ನಮ್ಮ ಶೆಡ್ಡುಗಳಲ್ಲಿ ಜೋಪಾನವಾಗಿ ‘ಇಟ್ಟ’ ಪದ್ಮಿನಿಗಳ ತಳ ತುಕ್ಕು ತಿಂದು ಉದುರುತ್ತಿತ್ತು. ದುಡಿದದ್ದು ಬದುಕಿತು, ಕಾಪಾಡಿದ್ದು ಸತ್ತಿತು. ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಬೇಕಿಲ್ಲ.

ಈ ಕಾರಿನ ಕತೆಯಲ್ಲಿ ಕನ್ನಡಿಗರಿಗೆ ಒಂದು ಪಾಲೂ ಇದೆ. ಭಾರತದಲ್ಲಿ ಕಾರು ತಯಾರಾಗಬೇಕೆಂದು 1930ರ ದಶಕದಲ್ಲಿ ಹಠ ಹಿಡಿದು, ಯುರೋಪು ಅಮೆರಿಕ ಸುತ್ತಿ, ಕಾರ್ಖಾನೆಯ ಯೋಜನೆ ಬರೆದವರು ಸರ್ ಎಂ. ವಿಶ್ವೇಶ್ವರಯ್ಯ. ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆ ಕೊಡಲಿಲ್ಲ. ಆ ಕನಸಿನ ಜೊತೆ ನಿಂತ ಉದ್ಯಮಿ ವಾಲಚಂದ್ ಹೀರಾಚಂದ್ ಮುಂದೆ 1940ರಲ್ಲಿ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದರು. 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದರು. ಫಿಯಟ್ ಕಂಪನಿಯ 1100ನ್ನು ಇಲ್ಲೇ ತಯಾರಿಸಲು ಹೊರಟ ಆ ಕಾರ್ಖಾನೆಯಿಂದ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಹೊರಬಂತು. 1089 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್ನು, ಸ್ಟೀರಿಂಗಿನ ಪಕ್ಕದಲ್ಲೇ ಗೇರಿನ ಕಡ್ಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಾಗಿದ್ದ ಕಾಲ ಅದು. ತಾಲ್ಲೂಕಿನ ಡಾಕ್ಟರು, ತೋಟದ ಸಾಹುಕಾರರು, ವಕೀಲರು, ಸಹಕಾರಿ ಸಂಘದ ಅಧ್ಯಕ್ಷರು ಇಂಥವರ ಕಾರು. ಅದರಲ್ಲಿ ಹೆರಿಗೆಗೆ ಹೋದವರಿದ್ದಾರೆ, ದಿಬ್ಬಣ ಹೋಗಿದೆ, ಚುನಾವಣೆಗೆ ಮೈಕು ಕಟ್ಟಿಕೊಂಡು ತಿರುಗಿದೆ, ಹೆಣವೂ ಬಂದಿದೆ. ಮಹಾರಾಜರ ರೋಲ್ಸ್ ರಾಯ್ಸನ್ನು ಉಳಿಸಲು ನೂರು ಜನ ಇದ್ದಾರೆ. ಊರಿನ ನೆನಪನ್ನು ಹೊತ್ತ ಈ ಸಾಮಾನ್ಯ ಕಾರಿಗೆ ಯಾರಿದ್ದಾರೆ? ಅಂಬಾಸಿಡರಿನದ್ದೂ ಇದೇ ಪಾಡು. ಉತ್ತರಪಾರಾದ ಕಾರ್ಖಾನೆ 2014ರ ಮೇ ತಿಂಗಳಲ್ಲಿ ನಿಂತಾಗ ಎಲ್ಲರೂ ಕಣ್ಣೀರು ಹಾಕಿ ಬರೆದರು. ಬರೆದವರ ಮನೆಯ ಹಿತ್ತಲಲ್ಲಿ ನಿಂತಿದ್ದ ಅಂಬಾಸಿಡರಿಗೆ ಬ್ಯಾಟರಿ ಹಾಕಿಸಿದವರು ಎಷ್ಟು ಜನ?

ಇಟ್ಟು ಕೆಡಿಸುವವರು ಒಂದು ಬಗೆ. ಇನ್ನೊಂದು ಬಗೆಯವರ ಮೇಲೂ ನನಗೆ ಸಿಟ್ಟಿದೆ. ಇವರು ಶೆಡ್ಡಿನಿಂದ ಕಾರನ್ನು ಹೊರಗೆ ತರುತ್ತಾರೆ. ತಂದವರೇ ನೇರ ಪೇಂಟ್ ಅಂಗಡಿಗೆ ಕರೆದೊಯ್ಯುತ್ತಾರೆ. ಕಾರ್ಖಾನೆಯಲ್ಲಿ ಯಾವ ಕಾಲಕ್ಕೂ ಇರದಿದ್ದ ಚೆರ್ರಿ ಕೆಂಪು, ಕನ್ನಡಿಯಂಥ ಹೊಳಪು, ಹೊಸ ಕ್ರೋಮು, ಬಿಳಿ ಗೀರಿನ ಟೈರು, ಒಳಗೆ ಕೆನೆಬಣ್ಣದ ಚರ್ಮದ ಹೊದಿಕೆ. ಬಾನೆಟ್ ಎತ್ತಿ ನೋಡಿದರೆ ವೈರು ಅದೇ ಇಲಿ ಕಡಿದ ವೈರು, ಬ್ರೇಕು ಅದೇ ಕಚ್ಚಿದ ಬ್ರೇಕು. ಆ ಕಾರು ಲಾರಿಯ ಮೇಲೆ ಬಂದು ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಇಳಿಯುತ್ತದೆ. ಮದುವೆಗೆ ಮುಂಚಿನ ಫೋಟೊದಲ್ಲಿ ವಧುವರರು ಅದಕ್ಕೆ ಒರಗಿ ನಿಲ್ಲುತ್ತಾರೆ. ಮತ್ತೆ ಲಾರಿ ಹತ್ತುತ್ತದೆ. ಶೆಡ್ಡಿನಲ್ಲಿದ್ದಾಗ ಅದು ಧೂಳು ಹಿಡಿದ ಹೆಣ, ಈಗ ಅಲಂಕಾರ ಮಾಡಿಸಿಕೊಂಡ ಹೆಣ. ವ್ಯತ್ಯಾಸ ಬಣ್ಣದ್ದು ಮಾತ್ರ.

ಹಳೆಯದನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ನಾವು ಹೊರಗಿನವರನ್ನು ಕೇಳಬೇಕಾಗಿಲ್ಲ. ನಮ್ಮ ಊರೂರಿನಲ್ಲಿ ತೇರಿದೆ. ವರ್ಷದ ಮುಕ್ಕಾಲು ಪಾಲು ಅದೂ ನಿಂತೇ ಇರುತ್ತದೆ. ಆದರೆ ಜಾತ್ರೆ ಹತ್ತಿರ ಬಂದಾಗ ಬಡಗಿಯೂ ಕಮ್ಮಾರನೂ ಬರುತ್ತಾರೆ. ಅಚ್ಚು ನೋಡುತ್ತಾರೆ, ಚಕ್ರ ತಟ್ಟಿ ನೋಡುತ್ತಾರೆ, ಬಿರುಕು ಬಿಟ್ಟ ಮರ ಬದಲಿಸುತ್ತಾರೆ, ಎಣ್ಣೆ ಹಾಕುತ್ತಾರೆ. ಬಾವುಟ, ಹೂವು, ಬಣ್ಣದ ಬಟ್ಟೆ ಆಮೇಲಿನ ಮಾತು. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಸಾವಿರಾರು ಜನ ಹಗ್ಗ ಹಿಡಿದು ಎಳೆಯುವ ತೇರನ್ನು ನೋಡಿದವರಿಗೆ ಗೊತ್ತು, ಎಳೆಯದ ತೇರು ತೇರಲ್ಲ, ಮರದ ಗೋಪುರ. ಹಾಗೆ ಎಳೆಯುತ್ತ ಬಂದುದರಲ್ಲಿ ಮೂಲದ ಮರ ಎಷ್ಟು ಉಳಿದಿದೆ ಎಂದು ಯಾವ ಭಕ್ತರೂ ಲೆಕ್ಕ ಹಾಕುವುದಿಲ್ಲ. ಜೀರ್ಣೋದ್ಧಾರ ಎಂಬ ಮಾತಿನ ಅರ್ಥವೇ ಅದು. ಸವೆದದ್ದನ್ನು ಎತ್ತಿ ನಿಲ್ಲಿಸುವುದು, ಕೆಲಸ ಮುಂದುವರಿಯಲಿ ಅಂತ. ಸ್ಮಾರಕಕ್ಕೆ ಬೇಲಿ ಬೇಕು, ಜೀರ್ಣೋದ್ಧಾರವಾದ ಗುಡಿಗೆ ಪೂಜೆ ಬೇಕು. ಹಳೆಯ ಕಾರು ಈ ಎರಡನೆಯ ಜಾತಿಗೆ ಸೇರಿದ್ದು. ಮ್ಯೂಸಿಯಂಗಳು ಬೇಡ ಎನ್ನುತ್ತಿಲ್ಲ. ಧರ್ಮಸ್ಥಳದ ಮಂಜೂಷಾದಂಥ ಸಂಗ್ರಹಗಳಿರುವುದರಿಂದಲೇ ಎಷ್ಟೋ ಅಪರೂಪದ ಕಾರುಗಳನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ನಾಡಿನಲ್ಲಿ ನಾಲ್ಕಾರೇ ಉಳಿದ ಗಾಡಿಯ ನ್ಯಾಯ, ಸಾವಿರಾರು ತಯಾರಾದ ಗಾಡಿಗೆ ಅನ್ವಯಿಸುವುದಿಲ್ಲ. ಪದ್ಮಿನಿಗೆ ಮ್ಯೂಸಿಯಂ ಬೇಡ, ಮೆಕ್ಯಾನಿಕ್ ಬೇಕು.

ನಮ್ಮ ದೊಡ್ಡಪ್ಪನ 1984ರ ಪದ್ಮಿನಿಯೊಂದು 2003ರಲ್ಲಿ ನಿಂತದ್ದು, ಅವರು ತೀರಿಕೊಳ್ಳುವವರೆಗೂ ಅಲ್ಲಾಡಲಿಲ್ಲ. “ಅಲ್ಲೇ ಇರಲಿ ಬಿಡೋ, ಇದೆ ಅನ್ನೋ ಸಮಾಧಾನ ಸಾಕು” ಎನ್ನುತ್ತಿದ್ದರು. ಅವರ ಮಕ್ಕಳು ಅದನ್ನು ಹೊರಗೆಳೆದಾಗ ಪಕ್ಕದ ಪೇಟೆಯಿಂದ ಕರೆಸಿದ ಮೇಸ್ತ್ರಿಗೆ ಅರವತ್ತೇಳು ವಯಸ್ಸು. ನನ್ನ ದಾಯಾದಿ ಅಣ್ಣನಿಗೆ ಎಂಜಿನ್ನು ಒಂದು ಸಲ ಗುಡುಗಿದರೆ ಸಾಕು ಎಂಬ ಆತುರ. ಹೊಸ ಬ್ಯಾಟರಿ ಕೂಡ ತಂದಿಟ್ಟಿದ್ದ. ಮೇಸ್ತ್ರಿ ಆ ಬ್ಯಾಟರಿಯನ್ನು ಮುಟ್ಟಲೇ ಇಲ್ಲ. “ಯಜಮಾನ್ರೇ, ಗಾಡಿ ಓಡ್ಸೋದು ಆಮೇಲೆ. ಮೊದ್ಲು ನಿಲ್ಸೋದು ನೋಡ್ಬೇಕು” ಅಂದರು. ನಾಲ್ಕೂ ಚಕ್ರ ಬಿಚ್ಚಿ ಬ್ರೇಕಿನ ಕೆಲಸಕ್ಕೆ ಕೂತರು. ಈ ಒಂದು ಮಾತಿನಲ್ಲಿ ಇಡೀ ವಿದ್ಯೆ ಅಡಗಿದೆ.

ಆ ವಿದ್ಯೆಗೆ ಒಂದು ಕ್ರಮವಿದೆ. ಅವರು ಮಾಡಿದ್ದನ್ನು ಹೇಳುತ್ತೇನೆ, ಏಕೆಂದರೆ ಕ್ರಮವೇ ಇಲ್ಲಿ ನೀತಿ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ತೂತಿಗೂ ಸ್ವಲ್ಪ ಎಣ್ಣೆ ಬಿಟ್ಟು ದಿನಗಟ್ಟಲೆ ನೆನೆಯಲು ಬಿಡುವುದು. ಆಮೇಲೆ ಕೈಯಿಂದಲೇ ಎಂಜಿನ್ನನ್ನು ಮೆಲ್ಲಗೆ ತಿರುಗಿಸಿ ನೋಡುವುದು. ಅಂಟಿಕೊಂಡ ಎಂಜಿನ್ನಿಗೆ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದರೆ ಬಿಡಿಸಿಕೊಳ್ಳಬಹುದಾಗಿದ್ದ ರಿಂಗು ಮುರಿದುಹೋಗುತ್ತದೆ. ಬ್ರೇಕಿನ ಮಾಸ್ಟರ್ ಸಿಲಿಂಡರು, ಚಕ್ರದ ಸಿಲಿಂಡರುಗಳು, ಅವುಗಳ ರಬ್ಬರು, ಹೋಸು ಎಲ್ಲವನ್ನೂ ಬದಲಿಸಿ ಹೊಸ ಬ್ರೇಕ್ ಆಯಿಲು. ಪೆಟ್ರೋಲ್ ಟ್ಯಾಂಕನ್ನು ಇಳಿಸಿ, ಒಳಗೆ ಸಣ್ಣ ಜಲ್ಲಿ ಹಾಕಿ ಕುಲುಕಿ ತುಕ್ಕು ಕೆರೆದು ತೊಳೆಯುವುದು. ಪೆಟ್ರೋಲ್ ಪಂಪಿನ ಪೊರೆ ಬದಲಿಸಿ, ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ ತೊಳೆಯುವುದು. ರೇಡಿಯೇಟರಿನ ಕೆಸರು ತೆಗೆಸುವುದು. ವೈರಿಂಗು, ಪಾಯಿಂಟು, ಕಂಡೆನ್ಸರು. ಟೈರಿನಲ್ಲಿ ಗೀರು ಎಷ್ಟೇ ಆಳವಿರಲಿ, ಇಪ್ಪತ್ತು ವರ್ಷದ ಟೈರು ಗುಜರಿಗೇ ಹೋಗಬೇಕು. ಹೊಸ ಟೈರನ್ನೂ ಪಕ್ಕದಲ್ಲಿರುವ ನಾಲ್ಕಂಕಿ ನೋಡಿಯೇ ಕೊಳ್ಳಬೇಕು, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಇಷ್ಟೆಲ್ಲ ಆದ ಮೇಲೆ ಬ್ಯಾಟರಿ. ತಳದ ತುಕ್ಕಿಗೆ ಬೆಸುಗೆ. ಹಣ ಉಳಿದಿದ್ದರೆ, ಮನಸ್ಸಿದ್ದರೆ, ಬಣ್ಣ. ನಮ್ಮ ದೊಡ್ಡಪ್ಪನ ಕಾರಿಗೆ ಇವತ್ತಿಗೂ ಹಳೆಯ ಬಣ್ಣವೇ ಇದೆ. ಬಾಗಿಲಿನ ಮೇಲೆ ಅವರ ಉಂಗುರ ತಾಗಿ ತಾಗಿ ಆದ ಗೀರೂ ಇದೆ. ಹೊಳಪಿನ ಭಕ್ತರು ಮೊದಲು ಅಳಿಸುವುದು ಇಂಥ ಗೀರನ್ನೇ.

ಇಲ್ಲಿ ಪಣಕ್ಕಿರುವುದು ಕಾರು ಮಾತ್ರ ಅಲ್ಲ ಎಂದು ನನಗೆ ಅನ್ನಿಸುವುದು ಆ ಮೇಸ್ತ್ರಿಯ ಕೈ ನೆನಪಾದಾಗ. ಪಾಯಿಂಟಿನ ಸಂದನ್ನು ಅವರು ಅಳತೆಪಟ್ಟಿ ಇಲ್ಲದೆ ನೋಡುತ್ತಾರೆ. ಎಂಜಿನ್ನಿನ ಸದ್ದು ಕೇಳಿ ಯಾವ ಸಿಲಿಂಡರು ಕೆಲಸ ಮಾಡುತ್ತಿಲ್ಲ ಎಂದು ಹೇಳುತ್ತಾರೆ. ಅವರ ಬಳಿ ಈಗ ಹುಡುಗರಿಲ್ಲ. ಹಿಂದೆ ಹತ್ತು ಹನ್ನೆರಡು ವರ್ಷದ ಮಕ್ಕಳು ಪಾನಾ ಎತ್ತಿಕೊಡುತ್ತ, ಬೈಗುಳ ತಿನ್ನುತ್ತ ಕಲಿಯುತ್ತಿದ್ದರು. ಆ ಪದ್ಧತಿ ಹೋದದ್ದು ಒಳ್ಳೆಯದೇ, ಮಕ್ಕಳು ಶಾಲೆಯಲ್ಲಿರಬೇಕು. ಆದರೆ ಅದರ ಜಾಗಕ್ಕೆ ಬೇರೆ ಏನನ್ನೂ ನಾವು ತರಲಿಲ್ಲ. ಇಂದಿನ ಕಾರಿಗೆ ಕಂಪ್ಯೂಟರು ಜೋಡಿಸಿದರೆ ದೋಷದ ಸಂಖ್ಯೆ ಬರುತ್ತದೆ, ಆ ಭಾಗವನ್ನೇ ಎತ್ತಿ ಹೊಸದು ಕೂರಿಸುತ್ತಾರೆ. ಅದನ್ನು ಮಾಡುವವರ ಜಾಣತನವನ್ನು ನಾನು ಹಳಿಯುತ್ತಿಲ್ಲ. ಆದರೆ ಕೆಟ್ಟದ್ದನ್ನು ಬಿಚ್ಚಿ, ಕಾರಣ ಕಂಡುಹಿಡಿದು, ಅದೇ ಭಾಗವನ್ನು ಸರಿಪಡಿಸುವ ವಿದ್ಯೆ ಬೇರೆ. ಅದು ಉಳಿಯಬೇಕಾದರೆ ಆ ವಿದ್ಯೆಯನ್ನು ಬೇಡುವ ಯಂತ್ರಗಳು ಊರಲ್ಲಿರಬೇಕು. ಕೆಲಸವಿಲ್ಲದ ಕೈಗೆ ಶಿಷ್ಯರು ಬರುವುದಿಲ್ಲ. ನೀವು ಶೆಡ್ಡಿನಲ್ಲಿ ಇಟ್ಟ ಪ್ರತಿ ಕಾರೂ ಒಬ್ಬ ಮೇಸ್ತ್ರಿಯ ಕೈಯಿಂದ ಕಸಿದುಕೊಂಡ ಕೆಲಸ.

ಸಾಹಿತ್ಯ ಓದುವವರಿಗೆ ಇದೇನೂ ಅಪರಿಚಿತ ಸಂಗತಿಯಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಮಲೆನಾಡಿಗೆ ಮೊದಲ ಬೈಸಿಕಲ್ಲು ಬಂದಾಗ ಅದು ಜನರ ಬಾಯಲ್ಲಿ ಬೀಸೆಕಲ್ಲಾಗುತ್ತದೆ. ಯಂತ್ರ ಒಂದು ನಾಡಿನದಾಗುವುದು ಹೀಗೆ, ಜನ ಅದನ್ನು ಮುಟ್ಟಿ, ತಪ್ಪಾಗಿ ಕರೆದು, ಒಗ್ಗಿಸಿಕೊಂಡಾಗ. ನಮ್ಮ ಗ್ಯಾರೇಜುಗಳಲ್ಲಿ ಹೀಗೆ ಒಗ್ಗಿದ ಒಂದು ಭಾಷೆಯೇ ಇದೆ. ಡಿಕ್ಕಿ, ಸೆಲ್ಫು, ಪಾಟಾ, ಪಾನಾ, ಸ್ಟೆಪ್ನಿ. ಸ್ಟೆಪ್ನಿಯ ಕತೆಯನ್ನೇ ನೋಡಿ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ವೇಲ್ಸ್ ದೇಶದ ಲ್ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯ ಅಂಗಡಿಯೊಂದು ಹೆಚ್ಚುವರಿ ಚಕ್ರ ತಯಾರಿಸಿ ಮಾರತೊಡಗಿತು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಬ್ರಿಟನ್ನಿನಲ್ಲಿ ಆ ಮಾತು ಬಳಕೆ ತಪ್ಪಿ ಎಷ್ಟೋ ಕಾಲವಾಯಿತು. ನಮ್ಮ ಪಂಕ್ಚರ್ ಅಂಗಡಿಯವರು ದಿನಾ ಅದನ್ನು ಆಡುತ್ತಾರೆ. ಮಾತು ಉಳಿದದ್ದು ನಿಘಂಟಿನಲ್ಲಿ ಇಟ್ಟದ್ದರಿಂದಲ್ಲ, ನಾಲಿಗೆಯ ಮೇಲೆ ಓಡಿದ್ದರಿಂದ. ಭಾಷೆಗೆ ಒಪ್ಪುವ ಈ ತರ್ಕವನ್ನು ಕಾರಿಗೆ ಒಪ್ಪಲು ನಮಗೇಕೆ ಇಷ್ಟು ಕಷ್ಟ?

ಇನ್ನು ಕಾನೂನಿನ ಮಾತು. ಖಾಸಗಿ ಕಾರಿನ ನೋಂದಣಿಗೆ ಮೊದಲು 15 ವರ್ಷದ ಆಯುಸ್ಸು. ಆಮೇಲೆ ಗಾಡಿಯನ್ನು ತೋರಿಸಿ, ಅದು ಓಡಲು ಯೋಗ್ಯ ಎಂದು ಸಾಬೀತು ಮಾಡಿ, 5 ವರ್ಷಕ್ಕೊಮ್ಮೆ ನವೀಕರಿಸಿಕೊಳ್ಳಬೇಕು. ಇದು ನ್ಯಾಯವಾದ ನಿಯಮ. ಬ್ರೇಕಿಲ್ಲದ ಗಾಡಿ ರಸ್ತೆಗೆ ಬರಬಾರದು. ಆದರೆ 2022ರ ಏಪ್ರಿಲ್ 1ರಿಂದ ಆ ನವೀಕರಣದ ಶುಲ್ಕವನ್ನು 600 ರೂಪಾಯಿಯಿಂದ 5,000ಕ್ಕೆ ಏರಿಸಲಾಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000 ಮಾಡಲಾಯಿತು. ತಡವಾದರೆ ದಂಡ ಬೇರೆ. ಹಳೆಯ ಗಾಡಿಗಳು ತಾವಾಗಿಯೇ ಗುಜರಿಗೆ ಹೋಗಲಿ ಎಂಬುದೇ ಇದರ ಉದ್ದೇಶ, ಅದನ್ನು ಯಾರೂ ಮುಚ್ಚಿಟ್ಟಿಲ್ಲ.

ಇನ್ನೊಂದು ಕಡೆ, 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ 20,000 ರೂಪಾಯಿ ಕಟ್ಟಿ 10 ವರ್ಷದ ನೋಂದಣಿ ಪಡೆಯಬಹುದು. ಹೊಸದಾಗಿ ನೋಂದಾಯಿಸುವವಕ್ಕೆ ‘ವಿಎ’ ಅಕ್ಷರಗಳ ಫಲಕ. ಒಳ್ಳೆಯ ಹೆಜ್ಜೆಯೇ. ಆದರೆ ಅಂಥ ಗಾಡಿ ರಸ್ತೆಗಿಳಿಯಬಹುದಾದದ್ದು ಪ್ರದರ್ಶನಕ್ಕೆ, ತಾಂತ್ರಿಕ ಸಂಶೋಧನೆಗೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ. ಪೆಟ್ರೋಲ್ ಹಾಕಿಸಿಕೊಂಡು ಬರಬಹುದು, ಆ ಪೆಟ್ರೋಲಿನಲ್ಲಿ ಸಂತೆಗೆ ಹೋಗುವಂತಿಲ್ಲ!

ಎರಡು ನಿಯಮಗಳನ್ನು ಪಕ್ಕಪಕ್ಕ ಇಟ್ಟು ಓದಿ. 15 ದಾಟಿದರೆ ಗುಜರಿಯ ದಾರಿ. 50 ದಾಟಿದರೆ ಪರಂಪರೆಯ ಪಟ್ಟ. ನಡುವಿನ 35 ವರ್ಷ ಕಾರು ಎಲ್ಲಿರಬೇಕು? ನಮ್ಮ ದೊಡ್ಡಪ್ಪನ 1984ರ ಪದ್ಮಿನಿಗೆ ಪರಂಪರೆಯ ಪಟ್ಟ ಸಿಗುವುದು 2034ರಲ್ಲಿ. ಅಲ್ಲಿಯವರೆಗೆ ಅದು ಕಸ. ಕಸವಾಗಿ ಮೂರೂವರೆ ದಶಕ ಬದುಕಿ ತೋರಿಸು, ಆಮೇಲೆ ಹಾರ ಹಾಕುತ್ತೇವೆ ಎನ್ನುವ ವ್ಯವಸ್ಥೆ ಇದು. ಜರ್ಮನಿಯಲ್ಲಿ 30 ವರ್ಷ ದಾಟಿದ, ಸುಸ್ಥಿತಿಯ ಕಾರಿಗೆ ಐತಿಹಾಸಿಕ ವಾಹನದ ಫಲಕ ಸಿಗುತ್ತದೆ, ಅದರಲ್ಲಿ ಸಂತೆಗೂ ಹೋಗಬಹುದು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯ ವಿನಾಯಿತಿಯಿದೆ. ನಮ್ಮಲ್ಲೂ 30 ವರ್ಷಕ್ಕೆ ಒಂದು ವರ್ಗ ಮಾಡಿ, ವರ್ಷಕ್ಕೆ ಇಷ್ಟೇ ಕಿಲೋಮೀಟರು ಎಂಬ ಮಿತಿ ಹಾಕಿ, ಬ್ರೇಕು ಮತ್ತು ಹೊಗೆಯ ಪರೀಕ್ಷೆಯನ್ನು ಕಟ್ಟುನಿಟ್ಟು ಮಾಡಿ, ಶುಲ್ಕವನ್ನು ಜನಸಾಮಾನ್ಯರಿಗೆ ಎಟುಕುವಂತೆ ಇಟ್ಟರೆ ಯಾರಿಗೂ ನಷ್ಟವಿಲ್ಲ.

ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯೂ ಹಬ್ಬಿದೆ. ‘15 ವರ್ಷ ಆಯಿತು, ಇನ್ನು ಓಡಿಸಿದರೆ ಹಿಡೀತಾರೆ’ ಎಂದು ಹೆದರಿಸಿ ಚಿಲ್ಲರೆ ಕಾಸಿಗೆ ಕಾರು ಹೊಡೆದುಕೊಂಡು ಹೋಗುವವರಿದ್ದಾರೆ. ಪೆಟ್ರೋಲ್ ಕಾರಿಗೆ 15, ಡೀಸೆಲ್ ಕಾರಿಗೆ 10 ವರ್ಷ ಎಂಬ ಗಡುವಿನ ಗಲಾಟೆ ದೆಹಲಿ ರಾಜಧಾನಿ ಪ್ರದೇಶದ್ದು. ಕರ್ನಾಟಕದಲ್ಲಿ ಯೋಗ್ಯತೆ ಇರುವ ಖಾಸಗಿ ಕಾರನ್ನು ನವೀಕರಿಸಿಕೊಂಡು ಓಡಿಸಬಹುದು. ದೊಡ್ಡಪ್ಪನ ಕಾರಿನ ಕಾಗದ ಹಿಡಿದು ಹೋದಾಗ ಕಿಟಕಿಯ ಆಚೆಗಿದ್ದವರು, “ಯಾಕ್ ಸಾರ್ ಸುಮ್ನೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ” ಎಂದು ಉಚಿತ ಸಲಹೆ ಕೊಟ್ಟರು. ನಾಲ್ಕು ಸಲ ಅಲೆದ ಮೇಲೆ ಕೆಲಸ ಆಯಿತು. ಅಲೆಯುವ ತಾಳ್ಮೆ ಇಲ್ಲದವರ ಕಾರುಗಳು ಎಲ್ಲಿಗೆ ಹೋಗುತ್ತವೆ ಎಂದು ಬೇರೆ ಹೇಳಬೇಕಾಗಿಲ್ಲ.

ವಿರೋಧದ ಮಾತುಗಳು ನನಗೆ ಗೊತ್ತು. ಮೊದಲನೆಯದು ಹೊಗೆ. ಹಳೆಯ ಕಾರು ಪರಿಸರಸ್ನೇಹಿ ಎಂದು ವಾದಿಸುವವರ ಗುಂಪಿಗೆ ನಾನು ಸೇರಿಲ್ಲ. ಹೊಗೆ ಶುದ್ಧಿ ಮಾಡುವ ಸಾಧನವೇ ಇಲ್ಲದ ಕಾರು ಕಿಲೋಮೀಟರಿಗೆ ಇಂದಿನ ಕಾರಿಗಿಂತ ಹೆಚ್ಚು ವಿಷ ಕಾರುತ್ತದೆ, ಎಷ್ಟೇ ಚೆನ್ನಾಗಿ ಟ್ಯೂನ್ ಮಾಡಿದರೂ. ಅದಕ್ಕೇ ಅದನ್ನು ದಿನನಿತ್ಯದ ಆಫೀಸಿಗೆ ಓಡಿಸಿ ಎಂದು ಹೇಳುತ್ತಿಲ್ಲ. ತಿಂಗಳಿಗೆರಡು ಸಲ, ವರ್ಷಕ್ಕೆ ಸಾವಿರ ಕಿಲೋಮೀಟರು ಓಡಿದರೆ ಕಾರಿನ ಆರೋಗ್ಯಕ್ಕೆ ಸಾಕು. ಬೆಂಗಳೂರೊಂದರಲ್ಲೇ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ. ಆ ಹೊಗೆಯ ಲೆಕ್ಕ ಕೇಳದೆ, ತಿಂಗಳಿಗೆರಡು ಸಲ ಹೊರಬರುವ ಪದ್ಮಿನಿಯ ಕಡೆ ಬೆರಳು ತೋರಿಸುವುದು ಪರಿಸರ ಕಾಳಜಿಯಲ್ಲ, ಸುಲಭದ ಗುರಿ ಹುಡುಕುವ ಚಾಳಿ.

ಎರಡನೆಯದು ಸುರಕ್ಷತೆ. ಇದೂ ನಿಜ. ಏರ್‌ಬ್ಯಾಗಿಲ್ಲ, ಡ್ರಮ್ ಬ್ರೇಕು ನಿಧಾನಕ್ಕೆ ಹಿಡಿಯುತ್ತದೆ. ಹಾಗಾಗಿ ಹಗಲಿನಲ್ಲಿ, ಐವತ್ತು ಅರವತ್ತರ ವೇಗದಲ್ಲಿ, ಹಳೆಯ ರಸ್ತೆಗಳಲ್ಲಿ. ದಶಪಥದ ಮೇಲೆ ಅದಕ್ಕೇನೂ ಕೆಲಸವಿಲ್ಲ. ಸೀಟ್ ಬೆಲ್ಟ್ ಹಾಕಿಸಿ. ಮೂಲದಲ್ಲಿ ಇರಲಿಲ್ಲ ಎಂದು ಶುದ್ಧಾಚಾರಿಗಳು ಮೂಗು ಮುರಿದರೆ ಮುರಿಯಲಿ. ಇಂದಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇದೆ. ಅದು ಹಳೆಯ ರಬ್ಬರನ್ನು ತಿನ್ನುತ್ತದೆ, ತೇವ ಹೀರುತ್ತದೆ. ಆದ್ದರಿಂದ ಪೆಟ್ರೋಲ್ ಹಾಯುವ ಹೋಸು, ಪೊರೆ, ವಾಷರುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಲೇಬೇಕು. ಬೆಂಕಿಯ ವಿಷಯದಲ್ಲಿ ಸಂಪ್ರದಾಯ ನಡೆಯುವುದಿಲ್ಲ. ಈ ಎಥೆನಾಲ್ ಇನ್ನೊಂದು ಸಂಗತಿಯನ್ನೂ ಖಚಿತ ಮಾಡಿದೆ: ಟ್ಯಾಂಕಿನಲ್ಲಿ ಈ ಪೆಟ್ರೋಲು ತುಂಬಿಸಿ ನಿಲ್ಲಿಸಿದ ಕಾರು ಹಿಂದಿಗಿಂತ ಬೇಗ ಹಾಳಾಗುತ್ತದೆ.

ಮೂರನೆಯದು, ‘ಇದೆಲ್ಲ ದುಡ್ಡಿದ್ದವರ ಶೋಕಿ’ ಎಂಬ ಮಾತು. ಹೊಳಪಿನ ದಾರಿ ಹಿಡಿದರೆ ಖಂಡಿತ ಶೋಕಿಯೇ. ಆದರೆ ಬ್ರೇಕು, ಪೆಟ್ರೋಲಿನ ದಾರಿ, ವೈರಿಂಗು, ಟೈರು ಇಷ್ಟಕ್ಕೆ ತಗಲುವ ಹಣ ಒಂದು ಸಾಧಾರಣ ಹೊಸ ಬೈಕಿನ ಬೆಲೆಯ ಆಸುಪಾಸಿನಲ್ಲೇ ಮುಗಿಯಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನು ಸುತ್ತುವ ವ್ಯವಧಾನವಿದ್ದರೆ, ಸಿಗದ ಭಾಗವನ್ನು ಲೇತಿನಲ್ಲಿ ಮಾಡಿಸುವ ತಾಳ್ಮೆಯಿದ್ದರೆ ಇನ್ನೂ ಕಡಿಮೆಯಾದೀತು. ಆ ಹಣದ ಬಹುಪಾಲು ಹೋಗುವುದು ಊರಿನ ಮೇಸ್ತ್ರಿಗೆ, ಬೆಸುಗೆಯವರಿಗೆ, ಲೇತಿನವರಿಗೆ. ಶೋಕಿ ಅನ್ನುವುದಾದರೆ, ಓಡದ ಕಾರನ್ನು ಇಪ್ಪತ್ತು ವರ್ಷ ಶೆಡ್ಡಿನಲ್ಲಿ ಇಟ್ಟುಕೊಳ್ಳುವುದೇ ದೊಡ್ಡ ಶೋಕಿ.

ಎಲ್ಲ ಕಾರುಗಳೂ ಎದ್ದು ಬರುವುದಿಲ್ಲ, ನಿಜ. ತಳವೆಲ್ಲ ತುಕ್ಕಾಗಿ ಬಾಗಿಲು ತೆರೆದರೆ ಮುಚ್ಚದ ಗಾಡಿಗಳಿವೆ. ಅಂಥವಕ್ಕೂ ಒಂದು ಸದ್ಗತಿಯಿದೆ. ಅವುಗಳ ಗೇರ್‌ಬಾಕ್ಸು, ಗಾಜು, ಬಾಗಿಲ ಹಿಡಿ, ಮೀಟರು ಇನ್ನೊಂದು ಕಾರನ್ನು ಎಬ್ಬಿಸುತ್ತವೆ. ಕಣ್ಣು ದಾನ ಮಾಡುವ ಮನೆಯವರು ಕಾರಿನ ಬಿಡಿಭಾಗ ದಾನ ಮಾಡಲು ಏಕೆ ಹಿಂಜರಿಯಬೇಕೋ ನನಗೆ ತಿಳಿಯದು. ಕೊಡುವುದಿಲ್ಲ, ಮಾರುವುದಿಲ್ಲ, ಓಡಿಸುವುದಿಲ್ಲ, ಆದರೆ ನೆನಪು ಎನ್ನುತ್ತೇವೆ. ಸತ್ತವರ ನೆನಪಿಗೆ ನಾವು ಅನ್ನ ಹಾಕುತ್ತೇವೆ, ಮರ ನೆಡುತ್ತೇವೆ, ಪುಸ್ತಕ ಹಂಚುತ್ತೇವೆ. ಯಾವುದರಲ್ಲೂ ‘ಇಡುವುದು’ ಇಲ್ಲ. ಎಲ್ಲವೂ ಕೈದಾಟುವಂಥವು.

ಈ ಬರಹ ಓದುತ್ತಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ಅಜ್ಜನ ಮನೆಯ ಹಿಂದೆ ಅಂಥ ಶೆಡ್ಡೊಂದು ಇರಬಹುದು. ಮನೆಯ ಹಿರಿಯರನ್ನು ಆ ಕಾರಿನ ಬಗ್ಗೆ ಕೇಳಿದರೆ ಕತೆ ಹೇಳುತ್ತಾರೆ. ಕತೆ ಮುಗಿದ ಮೇಲೆ ಕೀಲಿ ಕೇಳಿ. ಊರಿನ ಹಳೆಯ ಮೇಸ್ತ್ರಿ ಇನ್ನೂ ಇದ್ದಾರೆಯೇ ವಿಚಾರಿಸಿ. ಒಂದು ರಜೆ ಅವರ ಪಕ್ಕ ಕೂತು ಪಾನಾ ಎತ್ತಿಕೊಡಿ, ಅವರು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಕಾರು ಹತ್ತು ವರ್ಷ ತಡವಾಗಿ ಎದ್ದರೂ ಎದ್ದೀತು. ಮೇಸ್ತ್ರಿಗೆ ಅರವತ್ತೇಳು ದಾಟಿದೆ.